ಅಂತೆಗೆ ಒಡೆಯದ ಹಾಲು

ನಾನು ಈಗಿರುವ ಊರಿನಲ್ಲಿ ಹಾಲು ಒಡೆಯುವುದಿಲ್ಲ. ಬೆಳಗ್ಗೆ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದು ಒಲೆಗಿಟ್ಟರೆ ಯಾರ ಮನೆಯಲ್ಲಾದರೂ ಉಕ್ಕುತ್ತದೆ. ಎದುರುಮನೆಯವರು ಮೂವರು ಬಾಡಿಗೆದಾರರ ಅಡ್ವಾನ್ಸು ನುಂಗಿ ನೀರು ಕುಡಿದವರು. ಅವರ ಮನೆಯಲ್ಲೂ ಉಕ್ಕುತ್ತದೆ. ಬಂದ ಹೊಸದರಲ್ಲಿ ಇದು ದೊಡ್ಡ ಅನ್ಯಾಯವೆನಿಸಿ ಹೊಟ್ಟೆ ಉರಿಯುತ್ತಿತ್ತು. ಈಗ ವಯಸ್ಸು ಎಪ್ಪತ್ತಾರು. ಹೊಟ್ಟೆ ಉರಿಸಿಕೊಂಡರೆ ಮಾತ್ರೆ ನುಂಗಬೇಕಾಗುತ್ತದೆ, ಹಾಗಾಗಿ ಬಿಟ್ಟಿದ್ದೇನೆ. ಆದರೂ ಆ ಊರನ್ನು ನೆನೆಯದ ಬೆಳಗಿಲ್ಲ.

ಆ ಊರಿನಲ್ಲಿ ಸುಳ್ಳು ಹೇಳಿದವರು ಕೈಯಾರೆ ಒಲೆಗಿಟ್ಟ ಹಾಲು ಒಡೆಯುತ್ತಿತ್ತು. ಹೇಳಿದ್ದು ನಿಜವಾಗುವವರೆಗೆ, ಇಲ್ಲವೇ ಕೇಳಿದವರ ಮುಂದೆ ನಿಂತು ‘ನಾನು ಹೇಳಿದ್ದು ಸುಳ್ಳು’ ಎಂದು ಒಪ್ಪಿಕೊಳ್ಳುವವರೆಗೆ ಪ್ರತಿದಿನವೂ ಒಡೆಯುತ್ತಿತ್ತು. ಬೇಕೆಂದೇ ಹೇಳಿದ್ದು, ತಿಳಿಯದೆ ಹೇಳಿದ್ದು ಎಂಬ ಭೇದ ಹಾಲಿಗಿರಲಿಲ್ಲ. ಜನ ಇದಕ್ಕೆ ಹೊಂದಿಕೊಂಡೇ ಬದುಕುತ್ತಿದ್ದರು. ಒಡೆದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಕುದಿಸಿ ತಿನ್ನುವುದು ಎಲ್ಲ ಮನೆಗಳಿಗೂ ಗೊತ್ತಿತ್ತು. ದರ್ಜಿ ಯಾವತ್ತೂ ಬಟ್ಟೆ ಕೊಡುವ ದಿನ ಹೇಳುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಗಂಡಸರು ‘ಅಡುಗೆಮನೆ ನಿನ್ನ ರಾಜ್ಯ ಕಣೆ’ ಎಂದು ಹೆಂಡತಿಯನ್ನು ಹೊಗಳಿ ಜನ್ಮದಲ್ಲಿ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅಂಥವರ ಮೇಲೆ ಎಲ್ಲರಿಗೂ ಒಂದು ಕಣ್ಣಿರುತ್ತಿತ್ತು. ಯಾರದಾದರೂ ಮನೆಗೆ ಹೋದಾಗ ಕರಿ ಕಾಫಿ ಕೊಟ್ಟರೆ ಸುಮ್ಮನೆ ಕುಡಿದು ಬರಬೇಕು, ಹಾಲೇನಾಯಿತು ಎಂದು ಕೇಳಬಾರದು. ಮಕ್ಕಳಿಗೆ ಕಲಿಸುವ ಮೊದಲ ಮರ್ಯಾದೆ ಅದೇ.

ಹಾಗೆಂದು ಊರಿನಲ್ಲಿ ಗಾಳಿಮಾತಿಗೆ ಕೊರತೆ ಇರಲಿಲ್ಲ. ಕೇಳಿದ ಸುದ್ದಿಯನ್ನು ಹೇಳುವಾಗ ಕೊನೆಗೊಂದು ‘ಅಂತೆ’ ಸೇರಿಸಿಬಿಟ್ಟರೆ ಆಯಿತು. ‘ಅವರ ಮನೇಲಿ ಜಗಳ ಆಯ್ತಂತೆ.’ ಜಗಳ ಆಗಿರಲಿ ಬಿಡಲಿ, ಯಾರೋ ಅಂದದ್ದಂತೂ ನಿಜ ತಾನೇ? ‘ಅಂತೆಗೆ ಹಾಲು ಒಡೆಯಲ್ಲ’ ಎನ್ನುವುದು ಅಲ್ಲಿ ಗಾದೆಯ ಹಾಗಿತ್ತು.

ಇಂಥ ಊರಿಗೆ ನಾನೊಬ್ಬಳೇ ವಕೀಲೆ. ಹಾವೇ ಇಲ್ಲದ ಊರಿನಲ್ಲಿ ಹಾವಾಡಿಗನ ಪಾಡು ಏನೋ ಅದೇ ನನ್ನ ಪಾಡು. ಕೋರ್ಟಿನ ಕಟಕಟೆಯ ಪಕ್ಕದಲ್ಲಿ ಸೀಮೆಎಣ್ಣೆ ಸ್ಟೌವುಗಳಿದ್ದವು. ಸಾಕ್ಷಿ ಹೇಳಿದವನು ಕೈಯಾರೆ ಒಂದು ಪಾತ್ರೆ ಹಾಲನ್ನು ಒಲೆಗಿಡಬೇಕು. ಅಮೀನ ಬಗ್ಗಿ ನೋಡಿ ‘ಉಕ್ಕಿತು ಸ್ವಾಮಿ’ ಎಂದೋ ‘ಒಡೀತು ಸ್ವಾಮಿ’ ಎಂದೋ ಕೂಗಬೇಕು. ಮುನ್ಸೀಫ ವೆಂಕೋಬರಾಯರು ಬರೆದುಕೊಳ್ಳಬೇಕು. ಹತ್ತು ನಿಮಿಷಕ್ಕೆ ಮೊಕದ್ದಮೆ ಮುಗಿಯುತ್ತಿತ್ತು. ನಾನು ಉಯಿಲು, ಕ್ರಯಪತ್ರ ಬರೆದುಕೊಂಡು, ಮಧ್ಯಾಹ್ನ ಕಚೇರಿಯ ಬೆಂಚಿನ ಮೇಲೆ ಒಂದು ನಿದ್ದೆ ಹೊಡೆದು ಕಾಲ ಹಾಕುತ್ತಿದ್ದೆ. ಎಂಥ ನಿದ್ದೆ ಅದು! ಈಗ ಎಷ್ಟು ಮೆತ್ತನೆ ಹಾಸಿಗೆಯ ಮೇಲೂ ಬರುವುದಿಲ್ಲ.

ಕಾಂತರಾಜು ಬಂದದ್ದು ಆ ದಿನಗಳಲ್ಲಿ. ಬಿಳಿ ಅಂಗಿ, ಮೆಲ್ಲನೆಯ ಮಾತು, ಹಿರಿಯರನ್ನು ಕಂಡರೆ ಎದ್ದು ನಿಲ್ಲುವ ಗುಣ. ನಮ್ಮ ಸಾಲುಮನೆ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದ. ಪ್ರತಿದಿನ ಬೆಳಗ್ಗೆ ಸ್ಟೌವನ್ನು ಜಗಲಿಯ ಮೇಲಿಟ್ಟು, ಹೋಗಿಬರುವವರ ಎದುರಿಗೇ ಹಾಲು ಕಾಯಿಸುತ್ತಿದ್ದ. ಒಂದು ದಿನವೂ ಒಡೆಯಲಿಲ್ಲ. ಅಷ್ಟು ಸಾಕಾಯಿತು ನಮ್ಮವರಿಗೆ.

ಹೊಳೆಯಾಚೆ ದೊಡ್ಡದೊಂದು ಗಾಜಿನ ಕಾರ್ಖಾನೆ ಏಳುತ್ತಿದೆಯಂತೆ, ಅದರ ಷೇರು ಕೊಂಡವರ ದುಡ್ಡು ಎರಡು ವರ್ಷದಲ್ಲಿ ಎರಡರಷ್ಟಾಗುತ್ತದಂತೆ ಎಂದು ಅವನು ಹೇಳತೊಡಗಿದ. ಷೇರು ಪತ್ರಗಳನ್ನೂ ತಂದಿದ್ದ. ಮಂದದ ಕಾಗದ, ಸುತ್ತ ಹೂಬಳ್ಳಿ, ನಡುವೆ ಹಂಸ. ಅದರಲ್ಲಿ ‘ಕಂಪನಿಯು ಸುಭದ್ರವಾಗಿದೆ ಎಂದು ತಿಳಿದುಬಂದಿದೆ’, ‘ಲಾಭ ಖಚಿತವೆನ್ನಲಾಗಿದೆ’ ಎಂದೆಲ್ಲ ಅಚ್ಚಾಗಿತ್ತು. ನನಗೂ ಒಂದು ತೋರಿಸಿದ್ದ. ನಾನು ಓದಿ, ಭಾಷೆ ಚೆನ್ನಾಗಿದೆ ಎಂದುಬಿಟ್ಟೆ. ಆ ಮಾತಿಗೆ ನನ್ನ ಹಾಲೂ ಒಡೆಯಲಿಲ್ಲ, ಯಾಕೆಂದರೆ ಭಾಷೆ ನಿಜಕ್ಕೂ ಚೆನ್ನಾಗಿತ್ತು. ಕಾನೂನು ಓದಿದವಳು ಇನ್ನೊಂದು ಸಲ ಓದಬೇಕಿತ್ತು ಎನ್ನುವ ಕೊರಗು ಇವತ್ತಿಗೂ ಇದೆ.

ಎಲ್ಲರಿಗಿಂತ ಮೊದಲು ಷೇರು ಕೊಂಡವಳು ಬಳೆ ಮಾರುವ ಚಿನ್ನತಾಯಮ್ಮ. ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಮನೆಮನೆ ಅಲೆದು ಒಂದು ಅಂಗಡಿ ಮಾಡಿದ್ದಳು. ಅಂಗಡಿ ಇದ್ದರೂ ಬೆಳಗ್ಗೆ ಒಂದು ಸುತ್ತು ಬೀದಿ ತಿರುಗದಿದ್ದರೆ ಅವಳಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಎಲ್ಲಿಂದಲೋ ಪೆಟ್ಟಿಗೆಯಲ್ಲಿ ಬರುವ ಬಳೆಯಲ್ಲಿ ಕಾಲುಭಾಗ ದಾರಿಯಲ್ಲೇ ಒಡೆದಿರುತ್ತದೆ, ನಮ್ಮ ಹೊಳೆಯಾಚೆಯೇ ಗಾಜು ಆದರೆ ನಮ್ಮೂರ ಹೆಣ್ಣುಮಕ್ಕಳ ಕೈಗೆ ನಮ್ಮದೇ ಬಳೆ ಎಂದು ಕನಸು ಕಟ್ಟಿದಳು. ಊರಿನಲ್ಲಿ ಅವಳ ಮಾತೆಂದರೆ ಮಾತು. ಮೂವತ್ತು ವರ್ಷದಲ್ಲಿ ಅವಳ ಮನೆಯ ಹಾಲು ಒಡೆದದ್ದನ್ನು ಕಂಡವರಿರಲಿಲ್ಲ. ಅನುಮಾನ ಪಡುತ್ತಿದ್ದ ಬೀದಿಯವರಿಗೆ ಅವಳೇ ಕಾಂತರಾಜು ಹೇಳಿದ್ದನ್ನು ವಿವರಿಸಿ ಧೈರ್ಯ ಹೇಳಿದಳು.

“ಹಾಕ್ರಪ್ಪ, ನಿಮ್ ದುಡ್ಡು ಎಲ್ಲಿಗೂ ಹೋಗಲ್ಲ.”

ಆ ಒಂದು ಮಾತಿನ ಮೇಲೆ ಹದಿನಾಲ್ಕು ಮನೆಯವರು ದುಡ್ಡು ಹಾಕಿದರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಗವಿರಂಗಯ್ಯ ಜೀವಮಾನವೆಲ್ಲ ಊದಿ ಕೂಡಿಸಿದ್ದನ್ನು ತಂದು ಸುರಿದ. ಹೆಂಡತಿ ಇಲ್ಲದವನು, ಒಂಟಿ, ಮಹಾ ಬಿಗಿ ಮನುಷ್ಯ. ‘ನನ್ನ ಹಾಲು ಹುಟ್ಟಿದಾಗಿನಿಂದ ಒಡೆದಿಲ್ಲ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಒಂದೂವರೆ ವರ್ಷ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಚಿನ್ನತಾಯಮ್ಮನ ಹಾಲು ಒಡೆಯಿತು. ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಮಾರನೆಯ ದಿನವೂ ಒಡೆಯಿತು. ಹಾಲಿನವನನ್ನು ಬದಲಾಯಿಸಿದಳು, ಆಗಲೂ ಒಡೆಯಿತು. ತಾನು ಯಾರಿಗೆ ಏನು ಹೇಳಿದೆ ಎಂದು ಹಿಂದಿನ ಮಾತುಗಳನ್ನೆಲ್ಲ ಜಾಲಾಡಿದಳು. ಎಂಟನೆಯ ದಿನ ನನ್ನ ಕಚೇರಿಗೆ ಬಂದು ಬೆಂಚಿನ ತುದಿಯಲ್ಲಿ ಕೂತು, ಆ ಷೇರಿನ ಮಾತೊಂದನ್ನು ಬಿಟ್ಟರೆ ತನಗೆ ಬೇರೇನೂ ಹೊಳೆಯುತ್ತಿಲ್ಲ ಎಂದಳು. ಕಾಂತರಾಜು ದುಡ್ಡನ್ನೆಲ್ಲ ತನ್ನ ಸ್ವಂತಕ್ಕೆ ತಿರುಗಿಸಿಕೊಂಡದ್ದು ಆ ವಾರದಲ್ಲೇ ಎಂದು ನಮಗೆ ಗೊತ್ತಾದದ್ದು ಬಹಳ ಆಮೇಲೆ.

ಗವಿರಂಗಯ್ಯ ಮರುದಿನವೇ ಬಸ್ಸು ಹತ್ತಿ ಕಾರ್ಖಾನೆ ನೋಡಲು ಹೋದ. ಅಲ್ಲಿ ಒಂದು ಬಯಲಿತ್ತು. ಬಯಲಿನಲ್ಲಿ ಒಂದು ಬೋರ್ಡಿತ್ತು. ಬೋರ್ಡಿಗೆ ಯಾರೋ ಮೇಕೆ ಕಟ್ಟಿದ್ದರು. ಬಂದವನು ಬೀದಿಯ ನಡುವೆ ನಿಂತು ಇಷ್ಟು ಹೇಳಿ, ಚಿನ್ನತಾಯಮ್ಮನ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿದ. ಅಂದಿನಿಂದ ಅವಳೊಡನೆ ಮಾತು ಬಿಟ್ಟ. ಕಾಂತರಾಜು ಓಡಿಹೋಗಲಿಲ್ಲ. ಷೇರು ಎಂದ ಮೇಲೆ ಏಳುವುದೂ ಉಂಟು ಮುಳುಗುವುದೂ ಉಂಟು, ಎಂದು ಎಂದಿನಂತೆ ಜಗಲಿಯ ಮೇಲೆ ಹಾಲು ಕಾಯಿಸುತ್ತಾ ಕೂತ. ಅದು ನೊರೆನೊರೆಯಾಗಿ ಉಕ್ಕುತ್ತಿತ್ತು.

ನಾನು ಚಿನ್ನತಾಯಮ್ಮನಿಗೆ ಒಂದು ಸುಲಭದ ದಾರಿ ಹೇಳಿದೆ. ಹದಿನಾಲ್ಕು ಮನೆಗೂ ಹೋಗಿ, ನಾನು ಹೇಳಿದ್ದು ಸುಳ್ಳಾಯಿತು ಎಂದು ಹೇಳಿಬಿಡು, ಅಲ್ಲಿಗೆ ಹಾಲು ಸರಿಹೋಗುತ್ತದೆ, ಹಣದ ವಿಷಯ ಕೋರ್ಟಿನಲ್ಲಿ ನೋಡೋಣ. ಅವಳು ಒಪ್ಪಲಿಲ್ಲ.

“ಸುಳ್ಳಾಯ್ತು ಅಂದ್ಬಿಟ್ರೆ ಅವರ ದುಡ್ಡು ಹೋಯ್ತು ಅಂತ ನಾನೇ ಒಪ್ಕೊಂಡಂಗಲ್ವಾ ಲಾಯರಮ್ಮ? ಹೇಳಿದ್ದನ್ನ ನಿಜ ಮಾಡಿಕೊಡಿ. ಅಲ್ಲೀವರ್ಗೂ ಒಡೀಲಿ.”

ಎಂಟು ತಿಂಗಳು ಒಡೆಯಿತು. ಅವಳು ಅಂಗಡಿಗೆ ಬಂದವರಿಗೆ ಕರಿ ಕಾಫಿ ಕೊಟ್ಟು ತಲೆ ಎತ್ತಿಕೊಂಡೇ ಕೂತಿರುತ್ತಿದ್ದಳು. ನಾನು ಮಧ್ಯಾಹ್ನದ ನಿದ್ದೆ ಬಿಟ್ಟು, ಧೂಳು ಹಿಡಿದ ಕಾನೂನು ಪುಸ್ತಕಗಳನ್ನು ಇಳಿಸಿ, ಕಂಪನಿ, ಷೇರು, ವಂಚನೆ ಎಂದಿರುವ ಪುಟಗಳನ್ನೆಲ್ಲ ಓದಿದೆ. ವಿಚಾರಣೆಯ ದಿನ ಬೆಳಗ್ಗೆ, ಮನೆಮನೆಯ ಹಾಲು ಕಾದು ಇಳಿದ ಮೇಲೆ, ಹದಿನಾಲ್ಕು ಜನರ ಹೇಳಿಕೆ ಬರೆದುಕೊಂಡೆ. ಎಲ್ಲರದೂ ಒಂದೇ ಮಾತು: ದುಡ್ಡು ಎರಡರಷ್ಟಾಗುತ್ತದೆ ಎಂದು ಕಾಂತರಾಜು ಹೇಳಿದ. ಇಷ್ಟು ಜನ ಒಂದೇ ಬಾಯಲ್ಲಿ ಹೇಳಿದರೆ ಗೆಲ್ಲದೆ ಇರುತ್ತೇವೆಯೇ ಎಂದು ನಾನು ಬೀಗಿದೆ. ಚಿನ್ನತಾಯಮ್ಮನನ್ನು ಮಾತ್ರ ಸಾಕ್ಷಿಪಟ್ಟಿಗೆ ಸೇರಿಸಲಿಲ್ಲ. ಹಳೆಯ ಮಾತು ಹಿಂತೆಗೆದುಕೊಳ್ಳದ ಕಾರಣ ಅವಳು ಕೋರ್ಟಿನಲ್ಲಿ ಏನು ಹೇಳಿದರೂ ಹಾಲು ಒಡೆಯುತ್ತಿತ್ತಲ್ಲ.

ವಿಚಾರಣೆಯ ದಿನ ಊರಿಗೆ ಊರೇ ಕೋರ್ಟಿನಲ್ಲಿತ್ತು. ಕಾಂತರಾಜು ವಕೀಲರನ್ನು ಇಟ್ಟುಕೊಂಡಿರಲಿಲ್ಲ. ಕಟಕಟೆ ಹತ್ತಿ ಕೈಮುಗಿದು, ‘ದುಡ್ಡು ಎರಡರಷ್ಟಾಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ ಸ್ವಾಮಿ’ ಎಂದ. ಹಾಲಿಟ್ಟ. ಉಕ್ಕಿತು. ನನ್ನ ಮೊದಲ ಸಾಕ್ಷಿ ಗವಿರಂಗಯ್ಯ ಎದೆಯುಬ್ಬಿಸಿ ಹೋಗಿ, ‘ಹೇಳಿದ್ದಾನೆ, ನನ್ನ ಮುಂದೆಯೇ ಹೇಳಿದ್ದಾನೆ’ ಎಂದ. ಹಾಲಿಟ್ಟ. ಒಡೆಯಿತು.

ಆ ಮುದುಕನ ಮುಖ ಇಂದಿಗೂ ಕಣ್ಣ ಮುಂದಿದೆ. ಪಾತ್ರೆಯೊಳಗೆ ಬಗ್ಗಿ ಬಗ್ಗಿ ನೋಡಿದ. ಎರಡನೆಯ ಸಾಕ್ಷಿಯದೂ ಒಡೆಯಿತು, ಮೂರನೆಯದೂ ಒಡೆಯಿತು. ಐದು ಪಾತ್ರೆ ಹಾಲು ಒಡೆದ ಮೇಲೆ ವೆಂಕೋಬರಾಯರು ಕನ್ನಡಕ ತೆಗೆದಿಟ್ಟು, ಇನ್ನೂ ಎಷ್ಟು ಜನರ ಮಾನ ಕಳೆಯುವಿರಿ ಲಾಯರಮ್ಮ ಎಂದರು. ಸಾಕ್ಷಿ ಹೇಳಿದವರು ಯಾರೂ ಬೇಕೆಂದು ಸುಳ್ಳು ಹೇಳುವವರಲ್ಲ. ಹಾಗಾದರೆ ಹಾಲಿಗೇನಾಗಿದೆ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಹಿಂದಿನ ಸಾಲಿನಿಂದ ಚಿನ್ನತಾಯಮ್ಮ ಎದ್ದು ಬಂದಳು. ನನ್ನ ಕಿವಿಯ ಹತ್ತಿರ ಬಗ್ಗಿ, ಅವನು ಅಂದದ್ದು ಹಾಗಲ್ಲ, ತನಗೆ ಈಗ ನೆನಪಾಯಿತು, ತಾನು ಹೇಳುತ್ತೇನೆ ಎಂದಳು. ನೀನು ಏನು ಹೇಳಿದರೂ ಒಡೆಯುತ್ತದೆ ಎಂದೆ. ಗೊತ್ತು ಎಂದಳು. ಒಂದು ಕ್ಷಣ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಆಮೇಲೆ ಕಟಕಟೆ ಹತ್ತಿ ಮುನ್ಸೀಫರ ಕಡೆ ನೋಡದೆ, ಬೆಂಚಿನ ಮೇಲೆ ಕೂತಿದ್ದ ಹದಿನಾಲ್ಕು ಮನೆಯವರ ಕಡೆ ತಿರುಗಿದಳು.

“ನಿಮ್ ದುಡ್ಡು ಎಲ್ಲಿಗೂ ಹೋಗಲ್ಲ ಅಂತ ಹೇಳಿದ್ದೆ. ಅದು ಸುಳ್ಳು. ನಿಮ್ ದುಡ್ಡು ಹೋಯ್ತು. ನನ್ನ ಮಾತು ನಂಬಿ ಹೋಯ್ತು.”

ಎಂಟು ತಿಂಗಳು ಹಲ್ಲು ಕಚ್ಚಿ ಹಿಡಿದುಕೊಂಡಿದ್ದ ಮಾತನ್ನು ಅವಳು ಹೀಗೆ ಕೆಳಗಿಟ್ಟಳು. ಆಮೇಲೆ ಮುನ್ಸೀಫರ ಕಡೆ ತಿರುಗಿ ಸಾಕ್ಷಿ ಹೇಳಿದಳು. ಕಾಂತರಾಜು ಎಂದೂ ‘ಆಗುತ್ತದೆ’ ಎಂದಿರಲಿಲ್ಲ, ‘ಆಗುತ್ತದಂತೆ’ ಎಂದಿದ್ದ. ಕಾರ್ಖಾನೆ ‘ಏಳುತ್ತಿದೆಯಂತೆ’ ಎಂದಿದ್ದ. ಅವನು ಅಷ್ಟು ವಿನಯದಿಂದ ಹೇಳಿದ್ದರಿಂದ ಅಂತೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲು ಅದನ್ನು ಕಿತ್ತುಹಾಕಿದವಳು ತಾನೇ. ಅವನ ಅಂತೆಯನ್ನು ನುಂಗಿ, ಉಳಿದ ಮಾತನ್ನು ಬೀದಿಯವರಿಗೆ ಕೊಟ್ಟವಳೂ ತಾನೇ. ಅವರು ತನ್ನ ಮಾತನ್ನೇ ಅವನ ಮಾತೆಂದು ನೆನಪಿಟ್ಟುಕೊಂಡಿದ್ದಾರೆ, ಅವರದೇನೂ ತಪ್ಪಿಲ್ಲ. ಇಷ್ಟು ಹೇಳಿ ಹಾಲು ಒಲೆಗಿಟ್ಟಳು. ಅದು ಅಂಚಿನವರೆಗೆ ಏರಿ ಉಕ್ಕಿ ಸ್ಟೌವಿನ ಮೇಲೆಲ್ಲ ಸುರಿಯಿತು. ಅಮೀನ ಕೂಗುವುದನ್ನೇ ಮರೆತ. ಹದಿನಾಲ್ಕು ಮನೆಯವರೂ ಎದ್ದು, ಹಾಗಾದರೆ ನಾವು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡರು.

ನನಗೆ ಆಗ ತಲೆಯೊಳಗೆ ದೀಪ ಹತ್ತಿತು. ಕಾಂತರಾಜುವನ್ನು ಮತ್ತೆ ಕಟಕಟೆಗೆ ಕರೆಸಿ, ನೀವು ಅಂತೆ ಎಂದದ್ದು ನಿಜವೇ ಎಂದೆ. ನಿಜ ಎಂದ, ನಕ್ಕ. ಅಂತೆ ಎಂದರೆ ಬೇರೆ ಯಾರೋ ಅಂದದ್ದು. ನಿಮಗೆ ಯಾರು ಅಂದರು? ತಿಳಿದವರು ಎಂದ. ತಿಳಿದವರಿಗೆ ಹೆಸರಿಲ್ಲವೇ ಎಂದೆ. ನನ್ನ ಭಾವಮೈದುನ ಎಂದ. ಅವನ ಕೆಲಸವೇನು ಎಂದದ್ದಕ್ಕೆ, ಹೊಳೆಯ ಸೇತುವೆಯಾಚೆ ಸೈಕಲ್ ಷಾಪು ಇಟ್ಟಿದ್ದಾನೆ ಎಂದ. ಸೇತುವೆ ದಾಟಿದರೆ ಯಾರ ಹಾಲೂ ಒಡೆಯುವುದಿಲ್ಲ ಎನ್ನುವುದು ನಮ್ಮೂರ ಕೂಸಿಗೂ ಗೊತ್ತು. ಜನ ಗುಜುಗುಜು ಎಂದರು. ನಾನು ಮುಂದಿನ ಪ್ರಶ್ನೆ ಕೇಳಿದೆ.

“ಸೈಕಲ್ ಪಂಕ್ಚರ್ ಹಾಕೋನಿಗೆ ಗಾಜಿನ ಕಾರ್ಖಾನೆ ಲಾಭ ಹೆಂಗೆ ಗೊತ್ತಾಯ್ತು? ಅವನಿಗೆ ಹಂಗೆ ಹೇಳು ಅಂತ ಕಲಿಸಿಕೊಟ್ಟೋರು ಯಾರು?”

ಯಾರೋ ಹೇಳಿದ್ದರಂತೆ ಎಂದು ಅವನು ಶುರು ಮಾಡಿದ. ವೆಂಕೋಬರಾಯರು ಮೇಜು ಕುಟ್ಟಿದರು. ಅಂತೆಕಂತೆಗೆ ಸಂತೆಯಲ್ಲಿ ಜಾಗ ಉಂಟು, ಕೋರ್ಟಿನಲ್ಲಿಲ್ಲ, ನಿಮಗೆ ಗೊತ್ತಿದ್ದದ್ದನ್ನು ನೇರ ಹೇಳಿ ಎಂದರು. ಎರಡು ವರ್ಷದಿಂದ ನೇರ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ ಅಲ್ಲಿ ತಡವರಿಸಿದ. ಹಣೆ ಒರೆಸಿಕೊಂಡ. ಕೊನೆಗೆ ‘ನನಗೆ ಗೊತ್ತಿಲ್ಲ’ ಎಂದ. ನಾನೇ ಹೊಸ ಪಾತ್ರೆ ತೆಗೆದು ಅವನ ಕೈಗೆ ಕೊಟ್ಟೆ. ಹಾಲು ಬಿಸಿಯಾಗುವ ಮೊದಲೇ ಗಟ್ಟಿಗಟ್ಟಿಯಾಗಿ ಒಡೆಯಿತು. ಪ್ರತಿ ಸೋಮವಾರ ಸೇತುವೆ ದಾಟಿ ಹೋಗಿ, ತಾನೇ ಬರೆದುಕೊಟ್ಟದ್ದನ್ನು ಭಾವಮೈದುನನ ಬಾಯಿಂದ ಓದಿಸಿ ಕೇಳಿಸಿಕೊಂಡು ಬರುತ್ತಿದ್ದ ಎನ್ನುವುದನ್ನು ಆಮೇಲೆ ಅವನೇ ಒಪ್ಪಿಕೊಂಡ.

ಅವನು ಜೈಲಿಗೆ ಹೋದ. ಸೇತುವೆಯಾಚೆ ಅವನು ಕೊಂಡಿದ್ದ ಮನೆ, ಅಕ್ಕಿ ಗಿರಣಿ ಜಪ್ತಿಯಾಗಿ ಹರಾಜಾಗಲು ಮತ್ತೊಂದು ವರ್ಷ ಹಿಡಿಯಿತು. ಅದರಿಂದ ಬಂದದ್ದು ರೂಪಾಯಿಗೆ ಹತ್ತಾಣೆಯಷ್ಟು. ಉಳಿದ ಆರಾಣೆ ಹೋದದ್ದು ಹೋಯಿತು. ಇಂಥ ಮೊಕದ್ದಮೆಗಳಲ್ಲಿ ಹತ್ತಾಣೆ ಬರುವುದೇ ಪುಣ್ಯ ಎಂದು ಈಗಿನ ವಕೀಲರು ಹೇಳುತ್ತಾರೆ. ಆಗ ನನಗೆ ಗೆದ್ದೆನೆಂದೂ ಅನಿಸಲಿಲ್ಲ, ಸೋತೆನೆಂದೂ ಅನಿಸಲಿಲ್ಲ.

ಚಿನ್ನತಾಯಮ್ಮನ ಹಾಲು ಆ ದಿನದಿಂದ ಚೆನ್ನಾಗಿ ಉಕ್ಕುತ್ತಿತ್ತು. ಕೆಟ್ಟದ್ದು ಅವಳ ಮಾತು. ಕೋರ್ಟಿನಿಂದ ಬಂದ ಮೇಲೆ ಅವಳು ಆಡುವ ಪ್ರತಿಯೊಂದು ಮಾತಿಗೂ ಅಂತೆ ಅಂಟಿಕೊಂಡಿತು. ಈ ಬಳೆ ನಿಮ್ಮ ಕೈಗೆ ಒಪ್ಪುತ್ತದಂತೆ ಎನ್ನುತ್ತಿದ್ದಳು. ಊಟ ಆಯಿತೇ ಎಂದರೆ ಆಯಿತಂತೆ ಎನ್ನುತ್ತಿದ್ದಳು. ಕಾಲುನೋವು ಹೇಗಿದೆ ಎಂದರೆ ಪರವಾಗಿಲ್ಲವಂತೆ. ಮೊದಮೊದಲು ನಗುತ್ತಿದ್ದೆವು. ಆಮೇಲೆ ನಗು ಬರಲಿಲ್ಲ. ಯಾರ ಮಾತನ್ನು ಊರು ಕಣ್ಣುಮುಚ್ಚಿ ನಂಬುತ್ತಿತ್ತೋ ಅವಳೇ ತನ್ನ ಹಸಿವನ್ನೂ ನಂಬದ ಹಾಗಾಗಿದ್ದಳು. ಅದಕ್ಕೆ ನಾನು ಯಾವ ಕೋರ್ಟಿನಲ್ಲಿ ಅರ್ಜಿ ಹಾಕಲಿ?

ಹರಾಜಿನ ಹಣ ಬಂದ ದಿನ ನನ್ನ ಕಚೇರಿಯಲ್ಲಿ ಎಲ್ಲರಿಗೂ ಹಂಚಿದೆ. ಚಿನ್ನತಾಯಮ್ಮ ತನ್ನ ಪಾಲು ತೆಗೆದುಕೊಂಡು ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದಳು. ಯಾರಾದರೂ ಕಡಿಮೆಯಾಯಿತು ಎಂದರೆ ತಾನಲ್ಲಿರಬೇಕು ಎಂದು ನಿಂತಂತಿತ್ತು. ಗವಿರಂಗಯ್ಯ ತನ್ನ ನೋಟುಗಳನ್ನು ಮಡಿಚಿ ಜೇಬಿಗಿಟ್ಟು, ಕೊಡೆ ತೆಗೆದುಕೊಂಡು ಬಾಗಿಲವರೆಗೆ ಹೋದ. ಅವಳೊಡನೆ ಮಾತು ಬಿಟ್ಟು ಎರಡು ವರ್ಷವಾಗುತ್ತಾ ಬಂದಿತ್ತು.

“ಚಿನ್ನತಾಯಕ್ಕ, ಅವತ್ತು ನೀನು ಹೇಳಿದ್ದು ನಿಜ ಆಯ್ತು ಕಣಮ್ಮ. ನಮ್ ದುಡ್ಡು ಎಲ್ಲಿಗೂ ಹೋಗ್ಲಿಲ್ಲ.”

ನಾವೆಲ್ಲ ದಂಗಾದೆವು. ಹುಟ್ಟಿದಾಗಿನಿಂದ ಹಾಲು ಒಡೆಯದ ಮನುಷ್ಯ ಅವನು. ಕೋರ್ಟಿನಲ್ಲಿ ಒಡೆದದ್ದಕ್ಕೆ ಮೂರು ದಿನ ಊಟ ಬಿಟ್ಟಿದ್ದವನು. ಅವನ ಹಿಂದಿದ್ದ ಹೆಂಗಸು ಒಂದು ಗಳಿಗೆ ಅವನ ಬೆನ್ನನ್ನೇ ನೋಡಿ, ತಾನೂ ಹೋಗಿ ಅದನ್ನೇ ಹೇಳಿದಳು. ಆಮೇಲೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಹದಿನಾಲ್ಕು ಮನೆಯವರೂ ಅವಳ ಮುಂದೆ ನಿಂತು, ನಮ್ಮ ದುಡ್ಡು ಎಲ್ಲಿಗೂ ಹೋಗಲಿಲ್ಲ ಎಂದು ಹೇಳಿ ಹೋದರು. ಒಬ್ಬರೂ ಅಂತೆ ಸೇರಿಸಲಿಲ್ಲ. ಕೊನೆಗೆ ನಾನು ಉಳಿದೆ. ಕೇಸು ಪೂರ್ತಿ ಗೆದ್ದೆವು, ಒಂದು ಕಾಸೂ ಬಾಕಿ ಇಲ್ಲ ಎಂದೆ. ಕಾನೂನು ಓದಿದವಳು ಗೊತ್ತಿದ್ದೂ ಹೇಳಿದ ಸುಳ್ಳು ಅದು. ಆ ಸುಳ್ಳನ್ನು ನಾನಾಗಲಿ ಅವರಾಗಲಿ ಈವರೆಗೆ ಹಿಂದಕ್ಕೆ ತೆಗೆದುಕೊಂಡಿಲ್ಲ. ಚಿನ್ನತಾಯಮ್ಮ ನಮ್ಮನ್ನೆಲ್ಲ ನೋಡಿ, ಹೌದಂತೆ ಎಂದಷ್ಟೇ ಹೇಳಿ ಹೊರಟಳು.

ಮಾರನೆಯ ಬೆಳಗ್ಗೆ ಅವಳು ಎಂದಿನಂತೆ ಮಲಾರ ಹೆಗಲಿಗೇರಿಸಿ ಬೀದಿಗಿಳಿದಳು. ಮೊದಲ ಮನೆಯಲ್ಲಿ ಕರಿ ಕಾಫಿ ಕೊಟ್ಟರು. ಎರಡನೆಯ ಮನೆಯಲ್ಲೂ ಕರಿ ಕಾಫಿ. ಅಜ್ಜಿಯೋ ಸೊಸೆಯೋ ಹಾಲಿಟ್ಟ ಮನೆಗಳೂ ಇದ್ದವಲ್ಲ, ಅಲ್ಲಿ ಒಡೆದಿರಲಿಲ್ಲ. ಆದರೂ ಯಾಕೋ ಅವರೂ ಕರಿ ಕಾಫಿಯನ್ನೇ ಕೊಟ್ಟರು. ಬೀದಿಯ ಕೊನೆಯ ಗವಿರಂಗಯ್ಯನ ಮನೆಗೆ ಅವಳು ಬರುವಷ್ಟರಲ್ಲಿ ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ನನ್ನ ಹಾಲು ಒಡೆದಿತ್ತು, ಅವನಲ್ಲಿ ಸ್ವಲ್ಪ ಸಿಗಬಹುದು ಎಂಬ ನೆಪ ಹೂಡಿ ಬಂದಿದ್ದೆ. ಅವನು ಮೂರು ಲೋಟ ತಂದಿಟ್ಟು ಎತ್ತಲೋ ನೋಡುತ್ತಾ ನಿಂತ. ಅವಳು ಲೋಟದೊಳಗೆ ಇಣುಕಿದಳು. ಆಮೇಲೆ ಆ ಊರಿನಲ್ಲಿ ಯಾರೂ ಕೇಳಬಾರದ್ದನ್ನು ಕೇಳಿದಳು.

“ಹಾಲೇನಾಯ್ತು?”

ಹಾಲಿನವನು ಬರಲಿಲ್ಲ ಎಂದು ಗವಿರಂಗಯ್ಯ ಮೆಲ್ಲಗೆ ಗೊಣಗಿದ. ಹಾಲಿನವನು ಸೈಕಲ್ ನಿಲ್ಲಿಸಿ ಎದುರುಗಡೆಯೇ ಅಳೆದು ಕೊಡುತ್ತಿದ್ದ. ಅವಳು ಮಲಾರ ಕೆಳಗಿಳಿಸಿ ಜಗಲಿಯ ಮೇಲೆ ಕೂತಳು. ಕಣ್ಣು ತುಂಬಿ ಬಂದಿತ್ತು, ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ.

“ಸುಳ್ಳು ಹೇಳ್ತಿದ್ದೀಯ. ಲಾಯರಮ್ಮನೂ ಸುಳ್ಳು ಹೇಳಿದ್ದಾರೆ. ಈ ಬೀದಿಗೆ ಬೀದಿನೇ ನಿನ್ನೆ ನನಗೆ ಸುಳ್ಳು ಹೇಳಿದೆ.”

ಗವಿರಂಗಯ್ಯ ಈಗ ಅವಳ ಕಡೆ ತಿರುಗಿದ.

“ಹಂಗಂತ ಯಾರಂದ್ರು?”

“ಯಾರೂ ಅನ್ಲಿಲ್ಲ,” ಎಂದಳು ಚಿನ್ನತಾಯಮ್ಮ. “ನಾನೇ ಹೇಳ್ತಿದ್ದೀನಿ.”